ಕೈ ನಿಲ್ಲಿಸಿದ ಪುಸ್ತಕ

ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಬಳಿ ಇಸ್ತ್ರಿ ಮಾಡುವವನು ಸಂಜೆ ಕೆಲಸ ಮುಗಿಸಿ ಕೆಂಡದ ಮೇಲೆ ನೀರು ಚಿಮುಕಿಸುತ್ತಾನೆ. ಚುಂಯ್ ಎಂದು ಎದ್ದ ಆವಿ ಕರಗಿದ ಮೇಲೆ ಒದ್ದೆ ಇದ್ದಿಲಿನ ವಾಸನೆ ಸ್ವಲ್ಪ ಹೊತ್ತು ನಿಂತಿರುತ್ತದೆ. ಆ ವಾಸನೆಗೆ ನಾನು ಬಾಲ್ಕನಿಯಲ್ಲಿ ಕಾದಿರುತ್ತೇನೆಂದು ನಿಮಗೆ ಯಾರಿಗೂ ಗೊತ್ತಿಲ್ಲ. ಮೊನ್ನೆ ಪುಟ್ಟಿ, ನೀನು ಎರಡು ಕಾದಂಬರಿ ಹಿಡಿದು ಬಂದು, "ಅಜ್ಜಿ, ನನ್ನ ವಯಸ್ಸಿನವ್ರಿಗೆ ಇದ್ರಲ್ಲಿ ಯಾವ್ದು ಜಾಸ್ತಿ ಹಿಡಿಸತ್ತೆ ಅಂತ ಬರ್ಕೊಂಡು ಹೋಗ್ಬೇಕು ಸ್ಕೂಲಿಗೆ. ಹೇಗೆ ಕಂಡುಹಿಡಿಯೋದು?" ಎಂದು ಕೇಳಿದಾಗಲೂ ಅದೇ ವಾಸನೆ ಬರುತ್ತಿತ್ತು. ನಾನು ನಕ್ಕು, ಆಮೇಲೆ ಹೇಳುತ್ತೇನೆಂದೆ. ಎದುರಿಗೆ ಕೂತು ಹೇಳುವುದು ನನಗೆ ಎಂದೂ ಬಂದದ್ದಲ್ಲ. ಬರೆದಿಡುತ್ತೇನೆ, ನೀನೂ ನಿನ್ನ ತಮ್ಮನೂ ಓದಿಕೊಳ್ಳಿ.

ಅಮ್ಮ ಹೋದ ಮೇಲೆ ನಾನು ಬೆಳೆದದ್ದು ನನ್ನ ಅಜ್ಜಿಯ ಮನೆಯಲ್ಲಿ. ಹೆಬ್ಬಗೋಡಿಯಿಂದ ಒಳಕ್ಕೆ, ಹೊಸೂರು ರಸ್ತೆಯ ಬಸ್ಸಿನ ಹಾರನ್ ಗಾಳಿ ಈ ಕಡೆ ಬೀಸಿದಾಗ ಮಾತ್ರ ಕೇಳುವಷ್ಟು ದೂರದ ಹಳ್ಳಿ. ಆಚೆ ಬಯಲಿನಲ್ಲಿ ಎಲೆಕ್ಟ್ರಾನಿಕ್ ಫ್ಯಾಕ್ಟರಿಗಳು ಬರುತ್ತವೆಂದು ಆಗಷ್ಟೇ ಮಣ್ಣು ಮಟ್ಟ ಮಾಡುತ್ತಿದ್ದರು. ರಾಗಿ ಹೊಲದ ಕೆಲಸ ಇಲ್ಲದ ದಿನಗಳಲ್ಲಿ ನಮ್ಮ ಜಗುಲಿಯಲ್ಲಿ ಊದುಬತ್ತಿ ಹೊಸೆಯುತ್ತಿದ್ದರು. ಇದ್ದಿಲ ಪುಡಿಗೆ ಅಂಟಿನ ಪುಡಿ ಬೆರೆಸಿ, ನೀರು ಹಾಕಿ ನಾದಿ, ಮಣೆಯ ಮೇಲೆ ಬಿದಿರು ಕಡ್ಡಿಗೆ ಸುತ್ತಿ ಉರುಳಿಸುವುದು. ಪರಿಮಳ ಬೆರೆಸುವುದೆಲ್ಲ ಪೇಟೆಯಲ್ಲಿ. ನಮ್ಮಲ್ಲಿದ್ದದ್ದು ಬರಿಯ ಕರಿ ಕಡ್ಡಿ, ಒದ್ದೆ ಇದ್ದಿಲ ವಾಸನೆ, ಮೊಣಕೈವರೆಗೆ ಕಪ್ಪಾದ ಕೈಗಳು. ಅಂಥ ಕೈಯಲ್ಲಿ ಬಾಡಿಗೆ ಪುಸ್ತಕ ಮುಟ್ಟಿದರೆ ಅಂಗಡಿಯವನು ಮತ್ತೆ ಕೊಡುತ್ತಿರಲಿಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಒಂದು ಪದ್ಧತಿ: ಒಬ್ಬಳು ಕೈ ತೊಳೆದು ಕಾದಂಬರಿ ಓದಬೇಕು, ಉಳಿದವರು ಹೊಸೆಯುತ್ತ ಕೇಳಬೇಕು. ಹೊಸೆಯಲು ನಿಧಾನಿ, ಓದಲು ಚುರುಕು ಎಂದು ಆ ಕೆಲಸ ನನಗೆ ಬಂದಿತ್ತು. ಶಾಲೆಯಲ್ಲಿ ಹಾಜರಿ ಕೂಗಿದರೂ ದನಿ ಏಳದ ನಾನು ಜಗುಲಿಯ ಕಂಬಕ್ಕೊರಗಿ ಓದುವಾಗ ಮಾತ್ರ ಬೇರೆ ಹುಡುಗಿಯಾಗುತ್ತಿದ್ದೆ.

ಜಗುಲಿಯ ಹುಡುಗಿಯರಲ್ಲಿ ಅತಿ ಚುರುಕಿನ ಕೈ ಗಿರಿಜ ಚಿಕ್ಕಮ್ಮನದು, ಅಮ್ಮನ ಕೊನೆಯ ತಂಗಿ. ನನಗಿಂತ ನಾಲ್ಕೈದು ವರ್ಷ ದೊಡ್ಡವಳಷ್ಟೆ. ಹೈಸ್ಕೂಲಿಗೆ ಬಸ್ಸು ಹತ್ತಿ ಹೋಗಬೇಕೆಂಬ ಕಾರಣಕ್ಕೆ ಏಳನೆಯ ಕ್ಲಾಸಿಗೇ ಅವಳನ್ನು ಬಿಡಿಸಿದ್ದರು. ಆ ವರ್ಷ ಪೀಣ್ಯದ ಕಡೆಯ ಗಂಡು ಗೊತ್ತಾಗಿ, ರಾಗಿ ಕಣಕ್ಕೆ ಬಂದ ಮೇಲೆ ಮದುವೆ ಎಂದಾಗಿತ್ತು.

ಆಗಲೇ ಒಮ್ಮೆ ನನ್ನ ಸೋದರಮಾವ ಬಾಡಿಗೆ ಅಂಗಡಿಯಿಂದ ಎರಡು ಪುಸ್ತಕ ತಂದ. ಎರಡೂ ಹರೆಯದ ಹುಡುಗ ಹುಡುಗಿಯರಿಗೆಂದೇ ಬರೆದವು. ಎರಡನ್ನೂ ಓದಿ ನೋಡಿ, ಬೇಡವಾದದ್ದನ್ನು ಸೋಮವಾರ ಹಿಂದಕ್ಕೆ ಕೊಡಿ ಎಂದಿದ್ದನಂತೆ ಅಂಗಡಿಯವನು. ಶನಿವಾರ ಪತ್ತೇದಾರಿ ಕಥೆ ಓದಿದೆ. ಬೀಗ ಹಾಕಿದ ಬಂಗಲೆ, ಒಳಗೊಂದು ಹೆಣ. ಪಕ್ಕದ ಮನೆಯ ಜಯ ತಡೆಯಲಾರದೆ, "ಆ ಅಡಿಗೆಯವ್ನೇ ಕಣ್ರೇ ಕೊಂದಿರೋದು, ಬೇಕಾದ್ರೆ ನನ್ ಬಳೆ ಕೊಡ್ತೀನಿ!" ಎಂದಳು. "ನಿನ್ ಬಾಯಿ ಓಡ್ದಂಗೆ ಕೈಯೂ ಓಡ್ಲಿ ಕಣಮ್ಮಿ," ಎಂದರು ಅಜ್ಜಿ. ಎಲ್ಲರೂ ನಕ್ಕರು. ಕೈಗಳು ಸರಸರ ಓಡಿ, ಸಂಜೆಗೆ ಹೊಸೆದ ಕಡ್ಡಿಗಳಿಂದ ಮೊರ ತುಂಬಿತು.

ಭಾನುವಾರ ಇನ್ನೊಂದನ್ನು ತೆಗೆದೆ. ಹೊಳೆ ಈಚೆ ಹಳ್ಳಿ, ಆಚೆ ಶಾಲೆ. ಅಪ್ಪ ಶಾಲೆ ಬಿಡಿಸಿದ ಹುಡುಗಿಯೊಬ್ಬಳು ದಿನವೂ ಬೆಳಿಗ್ಗೆ ಕೊಡ ಹಿಡಿದು ದಡಕ್ಕೆ ಬಂದು, ಮಕ್ಕಳನ್ನು ತುಂಬಿಕೊಂಡ ದೋಣಿ ಹೋಗುವುದನ್ನು ನೋಡುತ್ತಾಳೆ. ಕೊಲೆ ಇಲ್ಲ, ಕಳ್ಳರಿಲ್ಲ. ಓದುತ್ತಿದ್ದಂತೆ ಮಣೆಯ ಸದ್ದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ತಲೆಯೆತ್ತಿದರೆ, ಚಿಕ್ಕಮ್ಮನ ಕಡ್ಡಿಯ ಮೇಲೆ ಇದ್ದಿಲ ಹಿಟ್ಟು ಅರ್ಧ ಸುತ್ತಿದ್ದು ಹಾಗೇ ಒಣಗುತ್ತಿತ್ತು. ಜಯ, "ಥೂ, ಬರೀ ಅಳೋ ಪುಸ್ತ್ಕ," ಎಂದು ಮುಂಗೈಯಿಂದ ಮೂಗು ಒರೆಸಿ ಕೆನ್ನೆಗೆಲ್ಲ ಮಸಿ ಬಳಿದುಕೊಂಡಳು.

ಸಂಜೆ ಅಜ್ಜಿ ಮೊರ ಎತ್ತಿ ನೋಡಿದರು. "ನೆನ್ನೆ ತುಂಬಿತ್ತು, ಇವತ್ತು ತಳ ಕಾಣ್ತದೆ. ಇದ್ರಲ್ಲಿ ಸತ್ವ ಇಲ್ಲ, ವಾಪಸ್ ಕೊಟ್ಬುಡು."

"ಇನ್ನೊಂದಿನ ಓದ್ಲಿ ಅವ್ವಾ," ಎಂದಳು ಚಿಕ್ಕಮ್ಮ.

"ಕೇಳೋರ ಕೈಯೇ ಬಿದ್ದೋಗ್ಯದೆ. ಇನ್ನೇನ್ ಓದೋದು?"

ಅಜ್ಜಿಯದು ಕೆಟ್ಟ ಮನಸ್ಸಲ್ಲ. ಒಳ್ಳೆಯ ಕಥೆ ಕೈಗೆ ದಣಿವು ಮರೆಸುತ್ತದೆ, ಮೊರ ತುಂಬಿಸುತ್ತದೆ. ಅವರಿಗೆ ಗೊತ್ತಿದ್ದ ಅಳತೆ ಅದೊಂದೇ. ನಮಗೂ ಅದೇ ಸರಿ ಎನಿಸಿತ್ತು.

ಸೋಮವಾರ ಮಾವನ ಸೈಕಲ್ಲಿನ ಹಿಂದೆ ಕೂತು ನಾನೂ ಅಂಗಡಿಗೆ ಹೋದೆ. ಅಂಗಡಿಯವನು ನಾವು ಹಿಂದಕ್ಕೆ ಕೊಟ್ಟ ಹೊಳೆಯ ಕಥೆಯ ಪುಟ ಮಗುಚುತ್ತ ಮುಖ ಗಂಟಿಕ್ಕಿದ. ಪುಟದ ಬಲಮೂಲೆಯಲ್ಲಿ ಕಪ್ಪು ಹೆಬ್ಬೆರಳ ಗುರುತು. ಮುಂದಿನ ಹಾಳೆಯಲ್ಲೂ, ಅದರಾಚೆಯದರಲ್ಲೂ. ನಾನು ಓದಿ ನಿಲ್ಲಿಸಿದ್ದ ಜಾಗದಿಂದ ಅವು ಶುರುವಾಗಿದ್ದವು. ಬೆಳಿಗ್ಗೆ ಹಿಟ್ಟು ನಾದಲು ಎಲ್ಲರಿಗಿಂತ ಮೊದಲು ಏಳುತ್ತಿದ್ದವಳು ಚಿಕ್ಕಮ್ಮ. ಗುರುತುಗಳು ಪುಸ್ತಕದ ಮುಕ್ಕಾಲು ಭಾಗಕ್ಕೆ ನಿಂತುಹೋಗಿದ್ದವು. ಅಷ್ಟರಲ್ಲಿ ಅಜ್ಜಿ ಎದ್ದಿರಬೇಕು.

"ಇದನ್ನೇ... ಇನ್ನೊಂದ್ ವಾರ ಕೊಡ್ತೀರಾ?" ಹೊರಗಿನವರೊಂದಿಗೆ ನಾನಾಗಿ ಆಡಿದ ಮೊದಲ ಮಾತು ಅದೇ ಇರಬೇಕು. ಮಾವ ಬೆರಗಾಗಿ ತಿರುಗಿ ನೋಡಿದ.

"ಮತ್ತೆ ನಿಮ್ಗೇ ಕೊಟ್ರೆ ಪೂರ್ತಿ ಕಪ್ಪಾಗಿ ಬರತ್ತೆ ಕಣಮ್ಮ," ಎಂದು ಅಂಗಡಿಯವನು ಅದನ್ನು ಮೇಲಿನ ಅಟ್ಟಕ್ಕೆ ಸೇರಿಸಿದ.

ಮನೆಗೆ ಬಂದಾಗ ಬಾಗಿಲಲ್ಲೇ ನಿಂತಿದ್ದ ಚಿಕ್ಕಮ್ಮ ನನ್ನ ಬರಿಗೈ ನೋಡಿದಳು. ಹೋಗಿ ಮಣೆಯ ಮುಂದೆ ಕೂತಳು. ಮಧ್ಯಾಹ್ನ ಬಂಗಲೆಯ ಕಥೆ ಮುಂದುವರಿಯಿತು. ಕೊಂದವನು ಅಡಿಗೆಯವನಲ್ಲ. ಯಾರು ಎಂಬುದು ಈಗ ನೆನಪಿಲ್ಲ.

ಚಿಕ್ಕಮ್ಮ ಮದುವೆಯಾಗಿ ಹೋದ ಮೇಲೆ ಒಂದೇ ಸಲ ಅವಳ ಮನೆಗೆ ಹೋಗಿದ್ದೆ. ಪೀಣ್ಯದ ವಠಾರದ ಒಂದು ಕೋಣೆ, ಗೋಡೆಯಾಚೆ ಮಿಷನ್ನುಗಳ ಬಡಿತ. ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತದೆ ಕೇಳಿದಳು: "ಆ ಹುಡುಗಿ ದೋಣಿ ಹತ್ತಿದ್ಲೇನೇ?"

"ಗೊತ್ತಿಲ್ಲ ಚಿಕ್ಕಮ್ಮ. ಆಮೇಲೆ ಆ ಪುಸ್ತಕ ಸಿಗ್ಲೇ ಇಲ್ಲ."

"ಹತ್ತಿರ್ತಾಳೆ ಬಿಡು. ಕೊಡ ಕೆಳಗಿಟ್ಟಿದ್ಲಲ್ಲ," ಎಂದಳು. ನಾನು ಓದಿದ ಭಾಗದಲ್ಲಿ ಹುಡುಗಿ ಕೊಡ ಕೆಳಗಿಟ್ಟಿರಲಿಲ್ಲ. ಮೊರದ ಮೇಲೆ ಅವಳ ಕೈ ನಿಂತಿತ್ತು. ಚೊಚ್ಚಲ ಹೆರಿಗೆಯಲ್ಲಿ ಅವಳು ಹೋದಳು. ಅಜ್ಜಿಯ ಜಗುಲಿಯಿದ್ದ ಕಡೆ ಈಗ ಯಾವುದೋ ಕಂಪನಿಯ ಗಾಜಿನ ಗೋಡೆ.

ಪುಟ್ಟಿ, ನೀನು ಕೇಳಿದ್ದಕ್ಕೆ ನನಗೆ ಗೊತ್ತಿರುವುದು ಇಷ್ಟೇ. ಎರಡನ್ನೂ ನಿನ್ನ ಗೆಳತಿಯರ ಮುಂದೆ ಗಟ್ಟಿಯಾಗಿ ಓದು. ಎಷ್ಟು ನಕ್ಕರು, ಎಷ್ಟು ಮಾತಾಡಿದರು ಎಂದು ನೋಡಬೇಡ. ಅವರ ಕೈಗಳನ್ನು ನೋಡು. ನಿನ್ನ ತಾತ ಹೋದ ಮೇಲೆ ಹಗಲು ಉದ್ದವಾಗಿದೆ. ನೀವೆಲ್ಲ ಹೊರಗೆ ಹೋದ ಮೇಲೆ ನಿನ್ನ ಮೇಜಿನ ಮೇಲಿನ ಪುಸ್ತಕ ತೆಗೆದು ಮೆಲ್ಲಗೆ ದನಿ ತೆಗೆದು ಓದುತ್ತೇನೆ. ಪುಟ ಮಗುಚುವ ಮೊದಲು, ಅಭ್ಯಾಸಬಲದಿಂದ, ಬಲಮೂಲೆಯನ್ನೊಮ್ಮೆ ನೋಡುತ್ತೇನೆ. ಬೆಳ್ಳಗೇ ಇರುತ್ತದೆ.