ಅವ್ವನಿಗೆ ನಾನು ಓದಿ ಹೇಳಿದ ವಾಕ್ಯ

ಅವ್ವನ ಆಪರೇಷನ್ನಿಗೆ ಗೊತ್ತಾಗಿದ್ದ ದಿನ ದಾಟಿ ಒಂದು ತಿಂಗಳಾಗಿದೆ ಎಂದು ನನಗೆ ತಿಳಿದದ್ದು ಸುರಪುರದ ತವರುಮನೆಯ ಒಲೆಯ ಮುಂದೆ, ತಮ್ಮನ ಹೆಂಡತಿಯ ಬಾಯಿಂದ. ಚಹಾ ಸೋಸುತ್ತಿದ್ದವಳು ತಲೆ ಎತ್ತದೆ ಹೇಳಿದಳು: ಡಾಕ್ಟರು ತಾರೀಖು ಮುಂದೆ ಹಾಕಲೇ ಇಲ್ಲ, ಅತ್ತೆಯೇ ಹೋಗಲಿಲ್ಲ, ನಿಮಗೆ ಹೇಳಬಾರದೆಂದು ನಮ್ಮಿಬ್ಬರಿಂದಲೂ ಮಾತು ತೆಗೆದುಕೊಂಡಿದ್ದಾರೆ. ಅವಳು ಕೊಟ್ಟ ಕಪ್ಪನ್ನು ಕಟ್ಟೆಯ ಮೇಲೆ ಇಟ್ಟದ್ದು ನೆನಪಿದೆ, ಕುಡಿದದ್ದು ನೆನಪಿಲ್ಲ.

ಡಿಸೆಂಬರಿನಲ್ಲಿ ಅವ್ವನ ಎಡ ಎದೆಯಲ್ಲಿ ಹುಣಸೆಬೀಜದಷ್ಟು ಗಂಟು ಕಾಣಿಸಿಕೊಂಡಿತ್ತು. ನಾನೇ ಯಾದಗಿರಿಗೆ ಕರೆದುಕೊಂಡು ಹೋಗಿದ್ದೆ. ಸೂಜಿ ಹಾಕಿ ತೆಗೆದು ನೋಡಿದರು, ಕೆಟ್ಟ ಗಂಟು ಎಂದರು, ಜನವರಿ ನಡುವಿನ ಒಂದು ದಿನ ಕೊಟ್ಟರು. ತಡ ಮಾಡಬೇಡಿ ಎಂದು ಡಾಕ್ಟರು ಎರಡು ಸಲ ಹೇಳಿದ್ದರು. ಆ ದಿನ ಹತ್ತಿರ ಬಂದಾಗ ಶಹಾಪುರದ ನಮ್ಮ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿಗೆ ಪೂರ್ವಸಿದ್ಧತಾ ಪರೀಕ್ಷೆ. ನಾನು ಅಲ್ಲಿ ಕನ್ನಡ ಕಲಿಸುವವಳು, ರಜೆ ಸಿಗಲಿಲ್ಲ. ತಮ್ಮ ಕರೆದುಕೊಂಡು ಹೋಗುತ್ತೇನೆ ಎಂದ, ಆಮೇಲೆ ಫೋನ್ ಮಾಡಿ ಡಾಕ್ಟರು ದಿನ ಮುಂದೆ ಹಾಕಿದ್ದಾರೆ ಎಂದ. ನಾನು ನಂಬಿದೆ. ನಿಜ ಹೇಳಬೇಕೆಂದರೆ, ನಂಬುವುದು ನನಗೂ ಆ ಹೊತ್ತಿಗೆ ಅನುಕೂಲವಾಗಿತ್ತು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಪಡಸಾಲೆಗೆ ಬಂದವಳೇ ಬಾಯಿಗೆ ಬಂದದ್ದೆಲ್ಲ ಅಂದೆ. ಅವ್ವ ಗೋಡೆಗೆ ಒರಗಿ, ತೊಡೆಯ ಮೇಲೆ ಮೊರ ಇಟ್ಟುಕೊಂಡು ತೊಗರಿಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದಳು. ಮಗನನ್ನೂ ಸೊಸೆಯನ್ನೂ ಸುಳ್ಳು ಹೇಳಲು ಹಚ್ಚಿದೆಯಲ್ಲ, ಇಷ್ಟು ವರ್ಷ ಚರ್ಚಿಗೆ ಹೋಗಿ ಕಲಿತದ್ದು ಇದೇ ಏನು ಎಂದು ಕೂಡ ಕೇಳಿಬಿಟ್ಟೆ. ಅವಳು ನನ್ನ ಕೂಗಾಟ ಮುಗಿಯುವವರೆಗೆ ಕಾದಳು.

“ನೀನ ಓದಿ ಹೇಳಿದೆಲ್ಲವ್ವ,” ಎಂದಳು. “ಸಾಯಂಗಿಲ್ಲ, ಬದುಕತಿ ಅಂತ ಸ್ವಾಮಿ ಹೇಳ್ಯಾನ. ಅಂವ ಹೇಳಿದ ಮ್ಯಾಲ ನಾ ಹೋಗಿ ಕತ್ತರಿಗಿ ಮೈ ಕೊಟ್ರ, ಅಂವನ ಮಾತು ಸುಳ್ಳ ಅಂದಂಗ ಆಗತದ.”

ದೇವರು ಹಾಗೆ ಹೇಳಿರಲಿಲ್ಲ. ಹೇಳಿದವಳು ನಾನು.

ಇದನ್ನು ಬಿಡಿಸಿ ಹೇಳಬೇಕು. ನಮ್ಮ ಸುರಪುರದ ಚರ್ಚಿನ ಸಭೆಯಲ್ಲಿ ಹೊಸ ವರ್ಷದ ಮುಂಜಾನೆ ಆರಾಧನೆ ಮುಗಿದ ಮೇಲೆ ವಾಗ್ದಾನದ ಚೀಟಿ ಎತ್ತುವ ರೂಢಿ ಇದೆ. ಬಿದಿರಿನ ಪುಟ್ಟಿಯಲ್ಲಿ ಮಡಿಚಿದ ಚೀಟಿಗಳು, ಒಂದೊಂದರಲ್ಲಿ ಒಂದೊಂದು ವಾಕ್ಯ. ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ ಒಂದನ್ನು ಎತ್ತಬೇಕು. ಎತ್ತಿದ್ದು ಆ ವರ್ಷಕ್ಕೆ ದೇವರು ನಿಮಗೆಂದೇ ಆಡಿದ ಮಾತು. ಕೆಲವರು ಅದನ್ನು ಬಾಗಿಲಿಗೆ ಅಂಟಿಸಿಕೊಳ್ಳುತ್ತಾರೆ, ಕೆಲವರು ಮೊಬೈಲಿನ ಕವರಿನಲ್ಲಿ ಇಟ್ಟುಕೊಳ್ಳುತ್ತಾರೆ. ಬಂದದ್ದು ಮನಸ್ಸಿಗೆ ಒಗ್ಗದಿದ್ದರೆ ಮೆಲ್ಲಗೆ ಪುಟ್ಟಿಗೆ ಹಾಕಿ ಇನ್ನೊಂದು ಎತ್ತುವ ಜಾಣರೂ ನಮ್ಮಲ್ಲಿ ಇಲ್ಲದಿಲ್ಲ.

ನನ್ನ ಅಕ್ಷರ ದುಂಡಗಿದೆ ಎಂದು ಮದುವೆಯಾಗಿ ಶಹಾಪುರಕ್ಕೆ ಹೋದ ಮೇಲೂ ಆ ಚೀಟಿಗಳನ್ನು ಬರೆಯುವ ಕೆಲಸ ನನ್ನದೇ. ವಾಕ್ಯ ಆರಿಸುವುದೂ ನಾನೇ. ಆರೋಗ್ಯ, ಸಮೃದ್ಧಿ, ಶತ್ರುಗಳ ಮುಂದೆ ತಲೆ ಎತ್ತಿಸುವುದು, ಸಂತಾನ, ನೆಮ್ಮದಿ, ಇಂಥವೇ. ಅಳುವವರ ಬಗ್ಗೆ, ಕಷ್ಟ ಹೊರುವವರ ಬಗ್ಗೆ ಬೈಬಲಿನಲ್ಲಿ ಬೇಕಾದಷ್ಟಿದೆ. ಅವುಗಳಲ್ಲಿ ಒಂದನ್ನೂ ನಾನು ಬರೆದವಳಲ್ಲ. ದುಡಿದು ದಣಿದ ಜನ ವರ್ಷದ ಮೊದಲ ದಿನ ಬಂದಿರುತ್ತಾರೆ, ಅವರಿಗೆ ಬೇವು ಯಾಕೆ, ಬೆಲ್ಲ ಸಾಕು ಎಂದು ನನ್ನ ಲೆಕ್ಕ. ದೇವರಿಗಿಂತ ನಾನೇ ಒಂದು ಕೈ ಹೆಚ್ಚು ದಯಾಳು ಎಂದು ತಿಳಿದಿದ್ದೆನೋ ಏನೋ.

ಈ ಸಲ ಹೊಸದಾಗಿ ಬಂದ ಪಾಸ್ಟರು ಅರ್ಧ ಚೀಟಿಗಳನ್ನು ತಾವೇ ಬರೆದರು. ನನಗಿಂತ ವಯಸ್ಸಿನಲ್ಲಿ ಚಿಕ್ಕವರು, ಓರೆ ಅಕ್ಷರ. ಅವ್ವನಿಗೆ ಓದು ಬಾರದು. ಪ್ರತಿ ವರ್ಷ ಚೀಟಿ ಎತ್ತಿ ನನ್ನ ಕೈಗೆ ಕೊಡುತ್ತಾಳೆ, ನಾನು ಓದಿ ಹೇಳುತ್ತೇನೆ. ಅಂದೂ ಚರ್ಚಿನ ಅಂಗಳದಲ್ಲಿ ಕೊಟ್ಟಳು. ಬಿಡಿಸಿದರೆ ಆ ಓರೆ ಅಕ್ಷರ. ಹೊಳೆ ಎಂಬ ಮಾತು ಕಂಡಿತು, ಬೆಂಕಿ ಎಂಬ ಮಾತು ಕಂಡಿತು. ಎರಡು ವಾರದಲ್ಲಿ ಆಪರೇಷನ್ ಇರುವ ಹೆಂಗಸಿಗೆ ಹೊಳೆ, ಬೆಂಕಿ! ಪಾಸ್ಟರ ಮೇಲೆ ಮೈಯೆಲ್ಲ ಉರಿಯಿತು. ಚೀಟಿಯನ್ನು ಮೊದಲಿದ್ದಂತೆ ಮಡಿಚಿ, ಕಣ್ಣು ಪಿಳುಕಿಸದೆ, ನೀ ಸಾಯಂಗಿಲ್ಲ ಬದುಕತಿ ಅಂತ ಬಂದದ ಅವ್ವಾ ಎಂದೆ. ಅಂಥದ್ದೊಂದು ವಾಕ್ಯ ಬೇರೆ ಕಡೆ ಇದ್ದೇ ಇದೆ, ಪೂರಾ ಸುಳ್ಳೇನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ, ನಾನು ಒಂದೇ ಒಂದು ಹೇಳಿ ಅವ್ವನಿಗೆ ಧೈರ್ಯ ತುಂಬಿದೆ. ಅವ್ವ ಏನೂ ಅನ್ನಲಿಲ್ಲ. ಚೀಟಿ ಇಸಿದುಕೊಂಡು ಎಲೆಅಡಿಕೆಯ ಸಂಚಿಯಲ್ಲಿ ಇಟ್ಟುಕೊಂಡಳು. ಅವಳು ಸುಮ್ಮನಾದದ್ದನ್ನು ನಾನು ಸಂತೋಷ ಎಂದುಕೊಂಡೆ.

ಈಗ ಅದೇ ಮಾತು ಅವಳನ್ನು ಮನೆಯಲ್ಲಿ ಕಟ್ಟಿಹಾಕಿತ್ತು. ಗಂಟು ಒಳಗೆ ಬೆಳೆಯುತ್ತಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡು ಪಾಸ್ಟರ ಮನೆಗೆ ನಡೆದೆ. ನಿಜ ಒಪ್ಪಿಕೊಳ್ಳಲು ಹೋದೆ ಎಂದು ಯಾರೂ ತಿಳಿಯಬಾರದು. ನಾನು ಹೋದದ್ದು ಬೇರೊಂದು ಉಪಾಯ ಹುಡುಕಿಕೊಂಡು. ನಡೆದದ್ದನ್ನು ಅವರಿಗೆ ಹೇಳಿ, ನೀವೇ ಬಂದು ಅವ್ವನಿಗೆ ಆಪರೇಷನ್ ದೇವರ ಚಿತ್ತ ಎಂದು ಒಂದು ಮಾತು ಹೇಳಿಬಿಡಿ, ನಿಮ್ಮ ಮಾತು ಮೀರುವುದಿಲ್ಲ ಎಂದೆ.

“ಇನ್ನೊಂದು ಚೀಟಿ ಬರಿಯೂನು ಅಂತೀರೇನ್ರಿ ಅಕ್ಕೋರ?” ಎಂದರು ಪಾಸ್ಟರು.

ಕಪಾಳಕ್ಕೆ ಹೊಡೆದಂತಾಯಿತು. ಬೇಕಾದರೆ ಜೊತೆಗೆ ಬಂದು ಕೂಡುತ್ತೇನೆ, ಆದರೆ ಓದಿದವರು ನೀವು, ಹೇಳಬೇಕಾದವರೂ ನೀವೇ ಎಂದರು. ಬೇಡ ಎಂದು ಎದ್ದು ಬಂದೆ. ದಾರಿಯುದ್ದಕ್ಕೂ ಅವರನ್ನು ಮನಸ್ಸಿನಲ್ಲೇ ಬೈದೆ. ನಿನ್ನೆ ಮೊನ್ನೆ ಬಂದವನು, ನನಗೆ ಬುದ್ಧಿ ಹೇಳುತ್ತಾನೆ ಎಂದು. ಮನೆ ಹತ್ತಿರವಾದಂತೆ ಬೈಗುಳ ಮುಗಿದು ಭಯ ಮಾತ್ರ ಉಳಿಯಿತು. ನಿಜ ಹೇಳಿದರೆ ಅವ್ವನ ನಂಬಿಕೆಯೇ ಮುರಿದುಬಿದ್ದರೆ? ಇನ್ನು ಮುಂದೆ ಯಾವ ವಾಕ್ಯ ಓದಿದರೂ ಇದೂ ಸುಳ್ಳಿರಬಹುದು ಎಂದುಕೊಂಡರೆ? ಹೇಳದಿದ್ದರೆ ಅವಳು ಸಾಯುತ್ತಾಳೆ. ಹೊಳೆಗೂ ಬೆಂಕಿಗೂ ಹೆದರಿ ನಾನು ಮಾಡಿದ ಕೆಲಸ ಇದು.

ಅವ್ವ ಇನ್ನೂ ಬೇಳೆ ಆರಿಸುತ್ತಲೇ ಇದ್ದಳು. ಎದುರಿಗೆ ಕುಳಿತು, ಅವಳ ಮುಖ ನೋಡದೆ, ಮೊರದಲ್ಲಿನ ಬೇಳೆಗೇ ಹೇಳುವವಳಂತೆ ಎಲ್ಲ ಹೇಳಿದೆ. ಚೀಟಿಯಲ್ಲಿ ಹಾಗೆ ಇರಲಿಲ್ಲ, ನಾನು ಕಟ್ಟಿ ಹೇಳಿದೆ ಎಂದೆ. ಹೊಡೆಯುತ್ತಾಳೆ, ಇಲ್ಲವೇ ಎದೆ ಬಡಿದುಕೊಂಡು ಅಳುತ್ತಾಳೆ ಎಂದು ಕಾದೆ. ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು. ಸಂಚಿ ಬಿಚ್ಚಿ, ಸುಣ್ಣದ ಡಬ್ಬಿಯ ಕೆಳಗಿನಿಂದ ಆ ಚೀಟಿ ತೆಗೆದು ನನ್ನ ಮುಂದೆ ಹಿಡಿದಳು. ಮಡಿಕೆಗಳಲ್ಲಿ ಸವೆದಿತ್ತು. ಸೊಸೆ ಕಾಲೇಜು ಓದಿದವಳು, ಆದರೆ ಅವಳ ಕೈಯಲ್ಲೂ ಓದಿಸಿರಲಿಲ್ಲ. ನೀ ಓದಿದ ಮೇಲೆ ಇನ್ನೊಬ್ಬರಿಂದ ಯಾಕೆ ಓದಿಸಲಿ ಎಂದಳು. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ.

“ಈಗ ಓದು. ಖರೇ ಏನದ?”

ಓದಿದೆ. ಹೊಳೆ ದಾಟುವಾಗ ನಿನ್ನ ಜೊತೆಗಿರುತ್ತೇನೆ, ಬೆಂಕಿಯಲ್ಲಿ ನಡೆಯುವಾಗಲೂ ಜೊತೆಗಿರುತ್ತೇನೆ ಎಂಬ ಅರ್ಥದ ವಾಕ್ಯ. ಅಂದು ಚರ್ಚಿನ ಅಂಗಳದಲ್ಲಿ ಹೊಳೆಯನ್ನೂ ಬೆಂಕಿಯನ್ನೂ ನೋಡಿದ ನನ್ನ ಕಣ್ಣು ಉಳಿದದ್ದನ್ನು ನೋಡಿಯೇ ಇರಲಿಲ್ಲ. ನಲವತ್ತು ಮಕ್ಕಳಿಗೆ ದಿನಾ ಪೂರ್ತಿ ವಾಕ್ಯ ಓದಿ ಎಂದು ಹೇಳುವವಳು ನಾನು.

ಅವ್ವ ಮತ್ತೊಮ್ಮೆ ಓದಿಸಿದಳು. ಆಮೇಲೆ ಅವಳ ಗಲ್ಲ ನಡುಗತೊಡಗಿತು.

“ಒಂದೂವರಿ ತಿಂಗಳ ಆತು, ದಿನಾ ಮುಂಜಾನಿ ಎದ್ದು ಕ್ಷಮಾ ಬೇಡಾಕತ್ತೇನಿ. ನೀ ಸಾಯಂಗಿಲ್ಲ ಅಂತ ಹೇಳಿದಿ, ನನಗ ನಂಬಾಕ ಆಗವಲ್ದು, ನನ್ನ ನಂಬಿಕಿ ಸಣ್ಣದು, ಸಿಟ್ಟ ಆಗಬ್ಯಾಡಪ್ಪ ಅಂತ. ಅಂವ ಹೇಳಲಾರದ ಮಾತಿಗಿ ಅಂವನ್ನ ಕ್ಷಮಾ ಬೇಡೇನಲ್ಲೇ.”

ಅವ್ವ ದೊಡ್ಡ ನಂಬಿಕೆಯಿಂದ ಮನೆಯಲ್ಲಿ ಉಳಿದಿದ್ದಾಳೆ, ಅದು ಮೂಢತನವಾದರೂ ನಂಬಿಕೆಯೇ ಎಂದುಕೊಂಡಿದ್ದೆ. ಅವಳು ಉಳಿದದ್ದು ಹೆದರಿಕೆಯಿಂದ. ಗಂಟು ದೊಡ್ಡದಾಗಿತ್ತು, ಎಡಗೈ ಎತ್ತಿ ತುರುಬು ಕಟ್ಟಿಕೊಳ್ಳಲು ಆಗುತ್ತಿರಲಿಲ್ಲ. ನೋಯುತ್ತದೆ ಎಂದರೆ ದೇವರ ಮಾತು ಸುಳ್ಳಾಗಿದೆ ಎಂದು ಸಾರಿದಂತೆ, ಅದಕ್ಕೆ ಮಗನಿಗೂ ಹೇಳಲಿಲ್ಲ, ಪ್ರಾರ್ಥನೆಯಲ್ಲೂ ಹೇಳಲಿಲ್ಲ. ಅರವತ್ತು ದಾಟಿದ ಹೆಂಗಸು, ಹೊಲದ ಕೂಲಿ ಮಾಡಿ ನಮ್ಮನ್ನು ಓದಿಸಿದವಳು, ಯಾವ ಕಷ್ಟವನ್ನೂ ದೇವರ ಮುಂದೆ ಮುಚ್ಚಿಡದವಳು, ನನ್ನ ಒಂದು ಸಿಹಿ ಮಾತಿನಿಂದ ಅವನ ಮುಂದೆಯೂ ಬಾಯಿ ಕಟ್ಟಿಕೊಂಡಿದ್ದಳು. ಧೈರ್ಯ ಕೊಡುತ್ತೇನೆಂದು ಹೋಗಿ ಅವಳಿಗಿದ್ದ ಒಬ್ಬನೇ ಗೆಳೆಯನನ್ನೂ ಕಿತ್ತುಕೊಂಡಿದ್ದೆ. ನನಗೆ ಅಳು ಬಂತು, ಆದರೆ ಅಳುವ ಹಕ್ಕು ನನ್ನದಲ್ಲ ಎನಿಸಿತು.

ಮೊದಲು ಸುಧಾರಿಸಿಕೊಂಡವಳು ಅವಳೇ. ಸೆರಗಿನಿಂದ ಮುಖ ಒರೆಸಿಕೊಂಡಳು.

“ಸಣ್ಣಾಕಿ ಇದ್ದಾಗ ಹೊಳಿ ಆ ಕಡಿ ಶೇಂಗಾ ಹರಿಯಾಕ ಹರಗೋಲದಾಗ ಹೋಗತಿದ್ದಿವಿ. ನೀವು ಮುಳುಗಂಗಿಲ್ಲ ಅಂತ ಯಾರೂ ಹೇಳತಿದ್ದಿಲ್ಲ. ಅಂಬಿಗ ನಮ್ಮ ಜೋಡಿನ ಕುಂತಿರತಿದ್ದ. ಅದಕ್ಕ ಹತ್ತತಿದ್ದಿವಿ.” ಚೀಟಿಯನ್ನು ಮತ್ತೆ ಸಂಚಿಗೆ ಸೇರಿಸುತ್ತ ಕೇಳಿದಳು, “ಯಾದಗಿರಿ ಬಸ್ಸ ಮುಂಜಾನಿ ಎಷ್ಟಕ್ಕದ?”

ಮರುದಿನ ಬಸ್ಸಿನಲ್ಲಿ ಅವ್ವ ನನ್ನ ಜೊತೆ ಮಾತಾಡಲಿಲ್ಲ. ಅವಳ ಸಿಟ್ಟು ನನ್ನದರಂತೆ ಹೊಗೆಯಾಡುವುದಿಲ್ಲ, ಸುಮ್ಮನೆ ಕಿಟಕಿಯಿಂದ ಹೊರಗೆ ನೋಡುತ್ತದೆ. ಶಹಾಪುರ ದಾಟಿದ ಮೇಲೆ ಒಂದೇ ಮಾತು ಹೇಳಿದಳು: ಇನ್ನು ಮೇಲೆ ನನಗೆ ಏನು ಓದಿದರೂ ಇದ್ದದ್ದನ್ನು ಇದ್ದ ಹಾಗೆ ಓದು. ಆಸ್ಪತ್ರೆಯಲ್ಲಿ ಡಾಕ್ಟರು ಮುಟ್ಟಿ ನೋಡಿ, ಕಂಕುಳದವರೆಗೂ ಬಂದಿದೆ, ಇಷ್ಟು ದಿನ ಎಲ್ಲಿದ್ದಿರಿ ಎಂದು ಗದರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ, ನಮ್ಮ ಕಡೆಯಿಂದಲೇ ತಡವಾಯಿತು ಎಂದಳು. ನಮ್ಮ ಎಂದಳು. ಆ ಒಂದು ಮಾತಿನಲ್ಲಿ ನನ್ನನ್ನೂ ಸೇರಿಸಿಕೊಂಡಳು.

ಆಪರೇಷನ್ ಆಗಿ ಅವಳು ಈಗ ಕಲಬುರಗಿಯಲ್ಲಿ ಮೂರು ವಾರಕ್ಕೊಮ್ಮೆ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿದ್ದಾಳೆ. ಕೂದಲೆಲ್ಲ ಉದುರಿದೆ. ಆ ತಡ ಏನನ್ನು ಕಿತ್ತುಕೊಂಡಿತೋ ಡಾಕ್ಟರಿಗೂ ಗೊತ್ತಿಲ್ಲ. ಅವರು ಯಾವ ಖಾತ್ರಿಯನ್ನೂ ಕೊಟ್ಟಿಲ್ಲ, ನಾನು ಕೇಳಿಯೂ ಇಲ್ಲ. ಮೊದಲು ನನ್ನ ಪ್ರಾರ್ಥನೆ ಎಂದರೆ ದೇವರು ಏನು ಉತ್ತರ ಕೊಡಬೇಕೆಂದು ಅವನಿಗೆ ಪಾಠ ಒಪ್ಪಿಸುವುದಾಗಿತ್ತು. ಈಗ ಮಾತು ಕಡಿಮೆಯಾಗಿದೆ. ಆಶ್ಚರ್ಯವೆಂದರೆ ಈಗಲೇ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅನಿಸುತ್ತದೆ.

ಆಪರೇಷನ್ನಿನ ಮುಂಜಾನೆ ಹಸಿರು ಗೌನು ತೊಡಿಸಿ ಅವಳನ್ನು ಗಾಲಿಮಂಚದ ಮೇಲೆ ಮಲಗಿಸಿದ್ದರು. ಮಹಿಳಾ ಕೂಟದಲ್ಲಿ ಅರ್ಧ ಗಂಟೆ ನಿಲ್ಲದೆ ಪ್ರಾರ್ಥನೆ ಮಾಡುವ ನನಗೆ ಅವಳ ತಲೆಯ ಮೇಲೆ ಕೈ ಇಟ್ಟು ಒಂದು ಶಬ್ದವೂ ಹೊರಡಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು, ಅಂಜಿಕೆಯಾಗುತ್ತಿದೆಯೇ ಎಂದು ಕೇಳಿದೆ. ಇಲ್ಲ ಅನ್ನುತ್ತಾಳೆ ಎಂದುಕೊಂಡಿದ್ದೆ, ನಂಬಿಕೆಯವರು ಹಾಗೆ ಅನ್ನಬೇಕು ಎಂದೇ ನಾನು ಇಷ್ಟು ವರ್ಷ ತಿಳಿದದ್ದು.

“ಭಾಳ ಅಂಜಿಕಿ ಬರಾಕತ್ತದ,” ಎಂದಳು ಅವ್ವ, ನನ್ನ ಕೈ ಹಿಡಿದು. “ಈಗ ಅಂಜಿದ್ರ ನಡೀತದಲ್ಲ.”

ಅವಳ ಮುಖದ ಮೇಲೆ ನಾನು ಎಂದೂ ನೋಡದ ನಿರಾಳವಿತ್ತು. ನರ್ಸ್ ಬಂದು ಮಂಚ ತಳ್ಳಿಕೊಂಡು ಒಳಗೆ ಹೋದಳು.