ಒರಳುಕಲ್ಲಿನ ಮೇಲೆ ಚಂದ್ರ

ಚನ್ನವೀರಪ್ಪನವರು ಯಾವ ವಸ್ತುವನ್ನೂ ಮೊದಲು ಕಣ್ಣಿನಿಂದ ನೋಡುತ್ತಿರಲಿಲ್ಲ, ಬೆರಳಿನಿಂದ ತಟ್ಟುತ್ತಿದ್ದರು. ಹೋಟೆಲಿನ ಮೇಜು, ಬಸ್ಸಿನ ಸೀಟು, ನಮ್ಮ ಶಾಲೆಯ ಕಪ್ಪುಹಲಗೆ, ಎಲ್ಲಕ್ಕೂ ಒಂದು ಪೆಟ್ಟು. ತಟ್ಟಿದ ಮೇಲೆ ಅದರ ನಡುಕ ನಿಲ್ಲುವವರೆಗೆ ಎಣಿಸುತ್ತಿದ್ದರು. ಅದೂ ಕಣದಲ್ಲಿ ಭತ್ತ ಅಳೆಯುವವರ ಹಾಗೆ, ಒಂದರ ಬದಲು ‘ಲಾಭ’ ಎಂದು ಶುರುಮಾಡಿ. “ಲಾಭ, ಎರಡು, ಮೂರು...” ಎಣಿಕೆ ಮೂರು ದಾಟಿತೆಂದರೆ ಆ ವಸ್ತುವಿನ ಮೇಲೆ ಅವರಿಗೆ ಮರ್ಯಾದೆ ಉಳಿಯುತ್ತಿರಲಿಲ್ಲ. ನನಗೂ ಒಮ್ಮೆ ಹೇಳಿದ್ದರು: “ಟೀಚರ್ರೇ, ನಿಮಗೆ ಸಿಟ್ಟು ಬಂದ್ರೆ ಇಪ್ಪತ್ತರ ತನಕ ಎಣಿಸಬೇಕು ನೋಡ್ರೀ.”

ಅವರು ಶಿಕಾರಿಪುರದವರು. ಮೂವತ್ತು ವರ್ಷಕ್ಕೂ ಮೇಲೆ ಸರ್ವೆಯರ್ ಆಗಿ ಸುತ್ತಲಿನ ಹಳ್ಳಿಗಳ ಹೊಲ ಅಳೆದು, ಗಡಿಗೆ ಬಾಂದು ಕಲ್ಲು ನೆಡಿಸಿ ನಿವೃತ್ತರಾದವರು. ನಾನು ಸೊರಬದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಶಾಲೆಗೆ ಒಂದು ಟೆಲಿಸ್ಕೋಪ್ ಕೊಟ್ಟಿದ್ದ. ಎರಡಡಿ ಉದ್ದದ, ತೊಡೆಯಷ್ಟು ದಪ್ಪದ ಕೊಳವೆ ಚೆನ್ನಾಗಿಯೇ ಇತ್ತು, ನಿಲ್ಲಿಸುವ ಸ್ಟ್ಯಾಂಡ್ ಮಾತ್ರ ಇರಲಿಲ್ಲ. “ಸ್ಟ್ಯಾಂಡಿನ ವಿಷಯ ಅಂದ್ರೆ ಚನ್ನವೀರಪ್ಪನವರನ್ನೇ ಕೇಳಬೇಕು” ಎಂದು ಹೆಡ್‌ಮಾಸ್ಟರು ನನ್ನನ್ನು ಶಿಕಾರಿಪುರಕ್ಕೆ ಅಟ್ಟಿದರು.

ಅವರು ಕೊಳವೆಯನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಎರಡೂ ತುದಿಯ ಗಾಜು ಒರೆಸಿದರು. ಆಮೇಲೆ ಹೇಳಿದರು: “ಇಷ್ಟು ವರ್ಷ ಇಂಥ ಕೊಳವೇಲಿ ಮಂದಿ ಜಮೀನು ನೋಡಿದೆ. ಒಂದು ದಿನಾನೂ ಮೇಲಕ್ಕೆ ತಿರುಗಿಸಲಿಲ್ಲ ನೋಡ್ರೀ. ಇದನ್ನ ನಾನು ಅಳೆದ ಊರಿಗೆಲ್ಲ ಒಯ್ಯೋಣ. ಜನ ನೋಡ್ಲಿ.” ಅವರ ಎದೆ ಅಷ್ಟು ಗಟ್ಟಿಯಿರಲಿಲ್ಲ, ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಸ್ಟ್ಯಾಂಡ್ ಹಗುರವಿರಬೇಕು, ಬಸ್ಸಿನಲ್ಲಿ ಹೋಗಬೇಕು, ತಟ್ಟಿದರೆ ಮೂರರೊಳಗೆ ನಿಲ್ಲಬೇಕು. ಹಗುರವಾದದ್ದು ನಡುಗುತ್ತದೆ, ನಡುಗದ್ದು ಹೊರಲಾರದಷ್ಟು ಭಾರ. ಈ ಎರಡರ ನಡುವೆ ನಾವು ಒಂದು ವರ್ಷ ಒದ್ದಾಡಿದೆವು.

ಮೊದಲ ಪೆದ್ದುತನ ನನ್ನದೇ. ಮೊಬೈಲಿನಲ್ಲಿ ಚಿತ್ರ ನೋಡಿ ಅಲ್ಯುಮಿನಿಯಂ ಕಾಲುಗಳ ಸ್ಟ್ಯಾಂಡ್ ತರಿಸಿದೆ. ಅವರು ತಟ್ಟಿದರು. ಹನ್ನೊಂದಕ್ಕೆ ಎಣಿಕೆ ನಿಲ್ಲಿಸಿ, “ಇದು ಇನ್ನೂ ಎರಡು ಸ್ಟಾಪ್ ಮುಂದಕ್ಕೆ ಹೋಗುತ್ತೆ ಬಿಡ್ರೀ” ಎಂದರು. ಎರಡನೆಯದು ಮೋಟರಿನ ಸ್ಟ್ಯಾಂಡ್, ಗೆಳತಿಯೊಬ್ಬಳಿಂದ ಕಡ ತಂದದ್ದು. ಆಕಾಶದಲ್ಲಿ ಏನು ಬೇಕೆಂದು ಫೋನಿನಲ್ಲಿ ಒತ್ತಿದರೆ ತಾನೇ ತಿರುಗಿ ತೋರಿಸುತ್ತದೆ, ತೋರಿಸಿದ್ದನ್ನು ಬಿಡದೆ ಹಿಂಬಾಲಿಸುತ್ತದೆ. ಬ್ಯಾಟರಿ ಸಮೇತ ಅದನ್ನು ಬಂದಳಿಕೆ ಎಂಬ ಹಳ್ಳಿಗೆ ಒಯ್ಯುವಾಗ ಕಂಡಕ್ಟರ್, “ಇದೇನ್ರೀ, ಬೋರ್‌ವೆಲ್ ಮೋಟ್ರಾ?” ಎಂದು ಕೇಳಿ ಡ್ರೈವರ್ ಪಕ್ಕದಲ್ಲಿ ಇಡಿಸಿದ. ಅಲ್ಲಿ ದೇವಸ್ಥಾನದಾಚೆ ಒಬ್ಬರ ಹೊಲದಲ್ಲಿ ಅದನ್ನು ಜೋಡಿಸಿ, ಮಟ್ಟ ಮಾಡಿ, ಫೋನಿಗೂ ಅದಕ್ಕೂ ಮಾತು ಕುದುರಿಸುವಷ್ಟರಲ್ಲಿ ಬಿದಿಗೆಯ ಚಂದ್ರ ಮುಳುಗಿಯೇ ಹೋದ. ಕಾದಿದ್ದ ಜನ ನಮಗೇ ಸಮಾಧಾನ ಹೇಳಿ ಮನೆಗೆ ಹೋದರು. ನನಗೆ ನಾಚಿಕೆಯಿಂದ ಅಳುವೇ ಬಂದಿತ್ತು.

ಚನ್ನವೀರಪ್ಪನವರಿಗೆ ಮೋಟರಿನ ಮೇಲೆ ಬೇರೆಯದೇ ತಕರಾರು. “ಸ್ಟ್ಯಾಂಡ್ ಸುಮ್ನೆ ನಿಂತಿದ್ರೆ ಚಂದ್ರ ಗಾಜಿನೊಳಗಿಂದ ಸರಿದು ಹೋಗ್ತಾನಲ್ಲ, ಅದು ಅವನು ಹೋಗೋದಲ್ರೀ, ನಾವು ತಿರುಗೋದು. ಅಷ್ಟು ದೊಡ್ಡ ಭೂಮಿ ತಿರುಗೋದು ಕಣ್ಣಿಗೆ ಕಾಣುತ್ತೆ. ಮೋಟ್ರು ಹಾಕಿ ಅದನ್ನ ಮುಚ್ಚಿಡ್ತೀರಾ?” ಇಪ್ಪತ್ತು ವರ್ಷದಿಂದ ಭೂಮಿ ತನ್ನ ಅಕ್ಷದ ಮೇಲೆ ತಿರುಗುವ ಪಾಠ ಮಾಡುತ್ತಿದ್ದೇನೆ. ಅದು ಕಣ್ಣಿಗೆ ಕಾಣುತ್ತದೆ ಎಂದು ನನಗೆ ಹೊಳೆದಿರಲಿಲ್ಲ.

ಮೂರನೆಯದು ಅವರದೇ. ಇಲಾಖೆಯ ಹರಾಜಿನಲ್ಲಿ ಕೊಂಡಿದ್ದ ಹಳೆಯ ಸರ್ವೆ ಸ್ಟ್ಯಾಂಡ್: ಮರದ ಮೂರು ಕಾಲು, ತುದಿಗೆ ಕಬ್ಬಿಣದ ಮೊನೆ. ಹೊರಬಹುದಾದಷ್ಟೇ ಭಾರ, ಎಣಿಕೆ ಎರಡಕ್ಕೆ ನಿಂತಿತು. ನಾವು ಗೆದ್ದೆವೆಂದುಕೊಂಡು ತೊಗರ್ಸಿಗೆ ಹೊರಟೆವು.

ತೊಗರ್ಸಿಯನ್ನು ಅವರು ಆರಿಸಿದ್ದಕ್ಕೆ ಕಾರಣವಿತ್ತು. ಅಲ್ಲಿ ಗಂಗಮ್ಮ ಎಂಬ ರೈತ ಹೆಂಗಸಿದ್ದಾರೆ. ಅವರ ಯಜಮಾನರು ಬದುವಿನಲ್ಲಿ ನೆಟ್ಟು ಬೆಳೆಸಿದ್ದ ಹಲಸಿನ ಮರ, ಚನ್ನವೀರಪ್ಪನವರ ಅಳತೆಯಲ್ಲಿ ಪಕ್ಕದವರ ಜಮೀನಿಗೆ ಸೇರಿತ್ತು. ಪಕ್ಕದವರು ವಾರದೊಳಗೆ ಕಡಿಸಿದರು. “ಅಳತೆ ಸರಿ ಐತ್ರೀ. ನೂರು ಸಲ ಅಳೆದ್ರೂ ಅಷ್ಟೇ ಬರುತ್ತೆ. ಆದ್ರೆ ಆಯಮ್ಮ ಆವತ್ತು ನಿಂತು ನೋಡಿದ್ದು ನೆನಪಾದ್ರೆ ಊಟ ಸೇರಲ್ಲ. ಒಂದ್ಸಲ ಆಯಮ್ಮ ಈ ಕೊಳವೇಲಿ ಕಣ್ಣಿಟ್ಟು ಚಂದ್ರನ್ನ ನೋಡಿಬಿಟ್ರೆ ಸಾಕು ನಂಗೆ.” ಇದನ್ನು ಹೇಳುವಾಗ ಅವರು ಏನನ್ನೂ ತಟ್ಟುತ್ತಿರಲಿಲ್ಲ, ಕೈ ಸುಮ್ಮನೆ ತೊಡೆಯ ಮೇಲಿತ್ತು.

ಆದರೆ ಬದುವಿನ ಪಕ್ಕ ಮೂರು ಕಾಲಿನ ಸ್ಟ್ಯಾಂಡ್ ನೆಟ್ಟರೆ ಹಳ್ಳಿಯಲ್ಲಿ ಅದರ ಅರ್ಥ ಒಂದೇ. ಕಾಲು ಗಂಟೆಯಲ್ಲಿ ಏಳೆಂಟು ಜನ ಪಹಣಿ, ನಕ್ಷೆ ಹಿಡಿದುಕೊಂಡು ಓಡಿಬಂದರು. “ನೋಟಿಸ್ ಕೊಡದೆ ಹೆಂಗ್ರೀ ಮೋಜಣಿಗೆ ಬಂದ್ರಿ?” ಎಂದು ಒಬ್ಬರು, “ಬಂದಿದ್ದು ಬಂದೀರಿ, ನಮ್ಮದೂ ಅಳೆದುಬಿಡ್ರೀ” ಎಂದು ಇನ್ನೊಬ್ಬರು. ಆಕಾಶ ತೋರಿಸಲು ಬಂದಿದ್ದೇವೆ ಎಂದರೆ ಯಾರೂ ನಂಬಲಿಲ್ಲ. ಗಂಗಮ್ಮ ಬಾಗಿಲಿಗೆ ಬಂದು ಸ್ಟ್ಯಾಂಡನ್ನೂ ಅವರನ್ನೂ ನೋಡಿದರು. “ಇನ್ನೇನು ಉಳಿದೈತ್ರೀ ಅಳಿಯಾಕೆ?” ಎಂದು ಕೇಳಿ ಬಾಗಿಲು ಹಾಕಿಕೊಂಡರು. ಚನ್ನವೀರಪ್ಪನವರು ಒಂದೊಂದೇ ಕಾಲನ್ನು ಮಣ್ಣಿನಿಂದ ಕಿತ್ತು ಮಡಚಿದರು.

ಎರಡು ತಿಂಗಳ ಮೇಲೆ ಫೋನ್ ಬಂತು. “ಟೀಚರ್ರೇ, ಭಾರದ್ದನ್ನ ನಾವ್ಯಾಕ್ರೀ ಹೊರಬೇಕು? ಅದು ಎಲ್ಲರ ಮನೆ ಅಂಗಳದಲ್ಲೂ ಬಿದ್ದೈತೆ.”

ಹೋಗಿ ನೋಡಿದರೆ ಅವರ ಹಿತ್ತಿಲಿನಲ್ಲಿ, ಮಿಕ್ಸಿ ಬಂದ ಮೇಲೆ ಮೂಲೆ ಸೇರಿದ್ದ ಒರಳುಕಲ್ಲು. ಅದರ ಕುಳಿಗೆ ಸರಿಯಾಗಿ ಕೂರುವ ಮರದ ಗುಂಡು, ಗುಂಡಿನ ಮೇಲೆ ಅಗಲದ ಹಲಗೆ, ಹಲಗೆಯ ಮೇಲೆ ತಿರುಗುವ ಪುಟ್ಟ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ನಮ್ಮ ಕೊಳವೆ. ಸರಾಗವಾಗಿ ತಿರುಗಲೆಂದು ಹಲಗೆಗಳ ನಡುವೆ ಒಡೆದ ಪ್ಲಾಸ್ಟಿಕ್ ಕೊಡದ ಚೂರುಗಳು. ಎಲ್ಲ ಒಂದು ಬಟ್ಟೆಚೀಲದಲ್ಲಿ ಹಿಡಿಯುತ್ತಿತ್ತು. ಅವರು ತಟ್ಟಿದರು. “ಲಾಭ” ಎಂದರು. ಅಷ್ಟೇ, ಎರಡು ಎನ್ನುವ ಪ್ರಮೇಯವೇ ಬರಲಿಲ್ಲ.

ಕುಳಿಯ ಅಳತೆ ಊರಿಂದೂರಿಗೆ ಬೇರೆಯಾದರೆ ಗುಂಡಿಗೆ ಗೋಣಿ ಸುತ್ತುತ್ತಿದ್ದರು. ನಾನು ಬೆರಗಾದದ್ದು ಆ ಉಪಾಯಕ್ಕಿಂತ ಹೆಚ್ಚಾಗಿ ಅದರ ಜೊತೆ ಬಂದ ನಡವಳಿಕೆಗೆ. ಒರಳು ಮನೆಯ ಹೆಂಗಸರದು, ಅದರ ಮೇಲೆ ಸುಮ್ಮನೆ ಕೂತರೂ ನಮ್ಮಲ್ಲಿ ಗದರುತ್ತಾರೆ. ಹಾಗಾಗಿ ಪ್ರತಿ ಮನೆಯಲ್ಲೂ ಚಪ್ಪಲಿ ಬಿಟ್ಟು, “ನಿಮ್ಮ ಒರಳು ಸ್ವಲ್ಪ ಹೊತ್ತು ಕೊಡ್ತೀರೇನಮ್ಮಾ?” ಎಂದು ಕೇಳಬೇಕಿತ್ತು. ಒಂದು ಕಾಲದಲ್ಲಿ ಯಾರ ಹೊಲಕ್ಕೆ ಬೇಕಾದರೂ ಕಾಗದ ತೋರಿಸಿ ಇಳಿಯುತ್ತಿದ್ದವರು ಅವರು. ಮೊದಲ ನೋಟ ಒರಳಿನ ಯಜಮಾನಿಗೆ, ಎಲ್ಲರದೂ ಮುಗಿದ ಮೇಲೆ ಕೊನೆಯದು ತಮಗೆ, ಇದು ಅವರ ನಿಯಮ. ಉಡುತಡಿಯಲ್ಲಿ ಒಬ್ಬ ಅಜ್ಜಿ ಜೀವಮಾನವೆಲ್ಲ ಕೂತು ರುಬ್ಬಿದ ಜಾಗದಲ್ಲೇ ಮಣೆ ಹಾಕಿಕೊಂಡು, ಸೊಂಟ ಬಗ್ಗಿಸದೆ ಶನಿಯ ಬಳೆ ನೋಡಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

ತೊಗರ್ಸಿಗೆ ನಾವು ಮತ್ತೆ ಹೋದದ್ದು ಬೇಸಿಗೆಯ ಒಂದು ಪಂಚಮಿಯ ಸಂಜೆ, ಬಟ್ಟೆಚೀಲ ಹಿಡಿದುಕೊಂಡು. ಚನ್ನವೀರಪ್ಪನವರು ಬಾಗಿಲಲ್ಲಿ ನಿಂತು ಒರಳು ಕೇಳಿದರು. ಗಂಗಮ್ಮ ಚೀಲವನ್ನೂ ಅವರನ್ನೂ ನೋಡಿ ಒಳಗೆ ಹೋದರು. ಆಮೇಲೆ ಒಂದು ತಂಬಿಗೆ ನೀರು ತಂದು ಒರಳಿಗೆ ಸುರಿದು ತೊಳೆದರು. ಮಣೆ ಹಾಕಿ ಕೂತು, ಸೆರಗಿನಿಂದ ಕಣ್ಣು ಒರೆಸಿಕೊಂಡು, ಗಾಜಿಗೆ ಕಣ್ಣಿಟ್ಟರು.

“ಅಯ್ಯೋ ಶಿವನೇ! ಸುಣ್ಣ ಉದುರಿದ ಗೋಡೆ ಇದ್ದಂಗೆ ಐತಲ್ರೀ!” ಎಂದರು. ಸ್ವಲ್ಪ ಹೊತ್ತಿನ ಮೇಲೆ, ಕಣ್ಣು ತೆಗೆಯದೆಯೇ ಕೇಳಿದರು: “ಅಲ್ಲಿಗೂ ಬಾಂದು ಹಾಕೀರೇನ್ರೀ?”

“ಇಲ್ಲಮ್ಮಾ,” ಎಂದರು ಚನ್ನವೀರಪ್ಪನವರು, “ಅಲ್ಲಿ ಅಳೆಯೋ ಅಧಿಕಾರ ನಂಗಿಲ್ಲ.”

ಗಂಗಮ್ಮ ನಕ್ಕರು. ಆಮೇಲೆ ಪಡುವಣದ ಬದುವಿನ ಕಡೆ ಕೈ ಮಾಡಿ, “ಹಲಸು ಇದ್ದಿದ್ರೆ ಇದು ಕಾಣ್ತಿರಲಿಲ್ಲ ಬಿಡ್ರೀ,” ಎಂದು, ತಡೆದು, “ಆದ್ರೂ ಮರ ಇರಬೇಕಿತ್ತು” ಎಂದರು. “ಹೌದಮ್ಮಾ, ಇರಬೇಕಿತ್ತು” ಎಂದರು ಇವರು. ಹಿಂದಿರುಗುವಾಗ ಬಸ್ಸಿನಲ್ಲಿ ಚೀಲವನ್ನು ಎದೆಗೆ ಒತ್ತಿಕೊಂಡು ಕೂತಿದ್ದರು. ನಾನು ಅವರನ್ನು ಕಂಡದ್ದು ಅದೇ ಕೊನೆ. ಮಳೆಗಾಲದ ನಡುವೆ ಒಂದು ಮಧ್ಯಾಹ್ನ, ಊಟ ಮಾಡಿ ಮಲಗಿದವರು ಏಳಲಿಲ್ಲ.

ಮಳೆ ಕಳೆದ ಮೇಲೆ ಅವರ ಮನೆಯಿಂದ ಆ ಚೀಲ ತೆಗೆದುಕೊಂಡು ಒಬ್ಬಳೇ ತೊಗರ್ಸಿಗೆ ಹೋದೆ. ಗಂಗಮ್ಮ ಒರಳನ್ನು ಅಂಗಳದ ಪಡುವಣ ಅಂಚಿಗೆ ಉರುಳಿಸಿಟ್ಟಿದ್ದರು, ಅಲ್ಲಿಂದ ಆಕಾಶ ಅಗಲವಾಗಿ ಸಿಗುತ್ತದೆಂದು. “ಸಾರ್ ಎಲ್ರೀ?” ಎಂದು ಕೇಳಿದರು. ಹೇಳಿದೆ. ಅವರು ನೀರು ತಂದು ಒರಳು ತೊಳೆದರು.

ಮೊದಲು ಅವರು ನೋಡಿದರು. ಆಮೇಲೆ ಅಕ್ಕಪಕ್ಕದವರೆಲ್ಲ ನೋಡಿದರು, ಹಲಸು ಕಡಿಸಿದ ಮನೆಯವರೂ ಬಂದು ಸಾಲಿನಲ್ಲಿ ನಿಂತಿದ್ದರು. ಎಲ್ಲರದೂ ಮುಗಿದು ನಾನು ಕೊಳವೆ ಬಿಚ್ಚಲು ಕೈಯಿಟ್ಟಾಗ ಗಂಗಮ್ಮ ನನ್ನ ಕೈ ಹಿಡಿದುಕೊಂಡರು.

“ತಡೀರಿ ಟೀಚರ್ರೇ. ಸಾರ್ ಪಾಳಿ ಇನ್ನೂ ಐತಲ್ಲ.”

ಕೊಳವೆಯನ್ನು ಚಂದ್ರನಿಗೆ ಸರಿಮಾಡಿ ಕೈ ತೆಗೆದೆ. ಮಣೆ ಖಾಲಿಯಿತ್ತು. ಎರಡು ಮೂರು ನಿಮಿಷ, ಚಂದ್ರ ಗಾಜಿನಿಂದ ಸರಿದು ಹೋಗುವಷ್ಟು ಹೊತ್ತು, ಯಾರೂ ಏನನ್ನೂ ಮುಟ್ಟದೆ ನಿಂತಿದ್ದೆವು.