ಉಳಿದದ್ದು ಮೂರು ಮ್ಯಾಚು

ನಮ್ಮ ಸೋದರಮಾವನ ಚಹಾದ ಹೋಟೆಲು ಆಳಂದದ ಬಸ್ ಸ್ಟ್ಯಾಂಡಿನ ಎದುರಿಗಿತ್ತು. ಅವನು ಜನ್ಮದಲ್ಲಿ ಒಮ್ಮೆಯೂ ಚೆಂಡಿಗೆ ಕಾಲು ಹಚ್ಚಿದವನಲ್ಲ. ಆದರೂ ಎಂಬತ್ತರ ದಶಕದಲ್ಲಿ ನಮ್ಮ ಕಡೆ ಇದ್ದ ಒಂದೇ ಒಂದು ಫುಟ್‌ಬಾಲ್ ಟೀಮಿನ ಬೂಟು, ಬನಿಯನ್, ಗಾಳಿ ಹೊಡೆಯುವ ಪಂಪು ಎಲ್ಲವೂ ಅವನ ಹೋಟೆಲಿನ ಅಟ್ಟದ ಮೇಲೆ ಸಕ್ಕರೆ ಚೀಲದ ಬಾಜುವಿಗೆ ಇರುತ್ತಿದ್ದವು. ನಾನು ಆಗ ಓದು ಮುಗಿಸಿ, ನೌಕರಿ ಸಿಗದೆ, ಮಾವನ ಗಲ್ಲೆಯ ಮೇಲೆ ಕೂರುತ್ತಿದ್ದೆ. ಹಗಲೆಲ್ಲ ಫುಟ್‌ಬಾಲಿನ ಮಾತು ಕೇಳಿ ಕೇಳಿ ನನಗೂ ಆ ಹುಚ್ಚು ಹತ್ತಿತು.

ಅದು ಮೂರು ತಾಲೂಕು ಕೂಡಿದ ಟೀಮು. ಕ್ಯಾಪ್ಟನ್ ಆಳಂದದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಒಬ್ಬ ಸಾಬರ ಹುಡುಗ. ಮುಂದೆ ಆಡುವವರು ಖಜೂರಿಯ ಲಾರಿಗಳ ಮೇಲೆ ದುಡಿಯುವವರು. ಹಿಂದೆ ನಿಲ್ಲುವ ಅಣ್ಣತಮ್ಮಂದಿರು ಅಫಜಲಪುರ ತಾಲೂಕಿನ ಅತನೂರದವರು. ಗೋಲು ಕಾಯುವವನು ಜೇವರ್ಗಿ ಕಡೆಯ ನೆಲೋಗಿಯ ರೈತ. ಅವನನ್ನು ಎಲ್ಲರೂ ‘ಗೋಲಿ’ ಎಂದೇ ಕರೆಯುತ್ತಿದ್ದರು. ಜೋಳದ ಚೀಲ ಎತ್ತಿ ಎತ್ತಿ ಅವನ ಅಂಗೈಗಳು ಮೊರದಷ್ಟು ಅಗಲವಾಗಿದ್ದವು. ರವಿವಾರಕ್ಕೊಮ್ಮೆ ಎಲ್ಲರೂ ಬೇರೆ ಬೇರೆ ಬಸ್ ಹಿಡಿದು ಗುಲಬರ್ಗಾದ ಮೈದಾನಕ್ಕೆ ಬಂದು ಸೇರುತ್ತಿದ್ದರು. ಒಂದು ಬಸ್ಸು ತಡವಾದರೆ ಎಂಟೇ ಮಂದಿ ಆಡಿದ್ದೂ ಉಂಟು.

ಆ ವರ್ಷ ನಾವು ಎಲ್ಲರಿಗಿಂತ ಕೆಳಗಿದ್ದೆವು. ಕೊನೆಯ ಸ್ಥಾನದಲ್ಲಿ ಉಳಿದ ಟೀಮಿಗೆ ಮರುವರ್ಷ ಲೀಗಿನಲ್ಲಿ ಜಾಗ ಇಲ್ಲ. ಜಿಲ್ಲೆಗೆಲ್ಲ ಇದ್ದದ್ದು ಅದೊಂದೇ ಲೀಗು. ಅದರಿಂದ ಹೊರಗೆ ಬಿದ್ದರೆ ಆಡುವುದಾದರೂ ಯಾರ ಜೊತೆ? ಈ ಹುಡುಗರು ಒಬ್ಬರ ಮುಖ ಒಬ್ಬರು ನೋಡುವುದಕ್ಕೂ ಮುಂದೆ ಕಾರಣ ಇರುವುದಿಲ್ಲ ಎಂಬುದು ಮಾವನಿಗೆ ಗೊತ್ತಿತ್ತು. ಹಾಗಾಗಿ ಉಳಿದ ಮೂರು ಮ್ಯಾಚುಗಳನ್ನು ಅವನು ಬೆಳಿಗ್ಗೆ ಚಹಾದ ನೀರು ಇಡುವಾಗಲೇ ಆಡಲು ಶುರು ಮಾಡುತ್ತಿದ್ದ.

ಕಾಳುಕಡಿಯ ಅಡತಿ ಅಂಗಡಿಯ ಸಾಹುಕಾರನೊಬ್ಬ ದಿನಾ ಬಂದು ಕೆಣಕುವನು. “ಏನ್ರಿ, ನಿಮ್ಮ ಟೀಮ್ ಇನ್ನಾ ಉಸರಾಡಾಕತ್ತದೇನ್ರಿ?”

“ಮೂರು ಮ್ಯಾಚ್ ಅವಲ್ರಿ ಇನ್ನಾ,” ಎನ್ನುತ್ತಿದ್ದ ಮಾವ. “ಮೊದಲನೇದು ಗೆಲ್ತೇವಿ. ಎರಡನೇದೂ ಗೆಲ್ತೇವಿ. ಮೂರನೇದು ಡ್ರಾ ಮಾಡಿ ಬಿಡ್ತೇವಿ. ಪಾಪ, ಅವರಿಗೂ ಹೆಂಡ್ರು ಮಕ್ಕಳು ಅದಾರ.”

ಮೊದಲನೆಯದು ಸೋತೆವು. ಎರಡನೆಯದನ್ನು ಗೆದ್ದೆವು. ಗೆದ್ದೆವು ಅನ್ನುವುದಕ್ಕಿಂತ, ಎದುರಿನವನೊಬ್ಬ ಚೆಂಡನ್ನು ತಮ್ಮದೇ ಗೋಲಿನೊಳಗೆ ಹೊಡೆದುಕೊಂಡ. ಮಾವ ಅದನ್ನೂ ಬಿಡಲಿಲ್ಲ. ಮರುದಿನ ಹೋಟೆಲಿಗೆ ಬಂದವರಿಗೆಲ್ಲ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ಪುಕ್ಕಟೆ ಕೊಟ್ಟ. “ಯಾರ ಕಾಲಿಂದ ಬಂದ್ರೇನಲೇ, ಗೋಲ್ ಗೋಲೇ,” ಎಂದು ನನಗೇ ಗದರಿಸಿದ. ಆಗ ನನಗೂ ಉಮೇದು ಬಂತು. ಕೊನೆಯದು ಒಂದು ಕಾರ್ಖಾನೆ ಕಾಲೋನಿಯ ಟೀಮಿನ ಜೊತೆ. ಡ್ರಾ ಆದರೂ ಸಾಕು, ನಾವು ಉಳಿಯುತ್ತಿದ್ದೆವು.

ಆ ದಿನ ಎಲ್ಲ ಬಸ್ಸುಗಳೂ ಹೊತ್ತಿಗೆ ಸರಿಯಾಗಿ ಬಂದವು. ಹನ್ನೊಂದೂ ಮಂದಿ ನಿಂತದ್ದು ನೋಡಿ ಮಾವ ಒಂದು ಸಲ ಕಣ್ಣು ಒರೆಸಿಕೊಂಡ. ಆಟ ಶುರುವಾಗುವ ಮೊದಲು ರೆಫರಿ ಎಲ್ಲರ ಬೂಟು, ಉಗುರು ನೋಡುತ್ತ ಬಂದು ಗೋಲಿಯ ಮುಂದೆ ನಿಂತರು. ಬನಿಯನ್ನಿನ ಒಳಗೆ ಶಿವದಾರದಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಹಿಂದಿನ ವಾರ ಬೇರೊಂದು ಮ್ಯಾಚಿನಲ್ಲಿ ಯಾರದೋ ಕೊರಳಿನ ದಾರ ಎದುರಿನವನ ಕೈಗೆ ಸಿಕ್ಕು ಕೊರಳು ಕೊಯ್ದಿತ್ತಂತೆ. ಹಾಗಾಗಿ ಕೊರಳಲ್ಲಿ ಏನೂ ಇರಬಾರದು ಎಂದರು.

“ಇದು ತಗ್ಯಾಕ ಬರಂಗಿಲ್ರಿ ಸರ್,” ಎಂದ ಗೋಲಿ, ಎರಡೂ ಕೈ ಎದೆಯ ಮೇಲೆ ಇಟ್ಟುಕೊಂಡು. “ಹುಟ್ಟಿದಾಗ ಕಟ್ಟ್ಯಾರ. ಸತ್ತಾಗ ಸಂಗಾಟ ಬರ್ತದ. ನಡುವ ತಗದಿಡ್ಲಿಕ್ಕ ಇದೇನ್ ಗಡಿಯಾರ ಅಲ್ರಿ.”

ರೆಫರಿ ಕೆಟ್ಟವರಲ್ಲ. ಕೊರಳಿನಲ್ಲಿ ಮಾತ್ರ ಬೇಡ ಎಂದರು. ದಾರಿ ತೋರಿಸಿದವನು ಕ್ಯಾಪ್ಟನ್. “ರಟ್ಟಿಗಿ ಕಟ್ಟ್ರಿ ಕಾಕಾ, ಗಟ್ಟಿ ಕಟ್ಟ್ರಿ,” ಎಂದ ಮಾವನಿಗೆ. ಮಾವ ಮೊದಲು ಅಂಗಿಯೊಳಗಿದ್ದ ತನ್ನ ಲಿಂಗವನ್ನು ಮುಟ್ಟಿಕೊಂಡ. ಆಮೇಲೆ ಹೆಗಲ ಮೇಲಿನ ಟವೆಲಿನ ಅಂಚು ಹರಿದು, ಕರಡಿಗೆಯನ್ನು ಗೋಲಿಯ ಬಲಗೈ ರಟ್ಟೆಗೆ ಇಟ್ಟು, ಸುತ್ತಿ ಸುತ್ತಿ ಗಂಟು ಹಾಕಿದ.

ಅಂಥ ಆಟ ನಮ್ಮವರು ಅದಕ್ಕೂ ಮೊದಲು ಆಡಿರಲಿಲ್ಲ. ಗೋಲು ಹೊಡೆಯಲಿಲ್ಲ, ನಿಜ. ಆದರೆ ಹೊಡೆಸಿಕೊಳ್ಳಲಿಲ್ಲ. ಅತನೂರದ ಅಣ್ಣತಮ್ಮಂದಿರು ಗೋಡೆಯ ಹಾಗೆ ನಿಂತರು. ಹೊತ್ತು ಇಳಿಯುತ್ತ ಬಂತು. ರೆಫರಿ ಗಡಿಯಾರ ನೋಡತೊಡಗಿದರು. ಮಾವ ನನ್ನ ಮುಂಗೈ ಹಿಡಿದುಕೊಂಡಿದ್ದ.

ಆಗ ಕಾಲೋನಿಯವನೊಬ್ಬ ದೂರದಿಂದ ಜೋರಾಗಿ ಹೊಡೆದ. ಗೋಲಿ ಬಲಕ್ಕೆ ಹಾರಿ, ಬೆರಳ ತುದಿಯಿಂದ ಚೆಂಡನ್ನು ಹೊರಗೆ ತಳ್ಳಿ ಧೂಳಿನಲ್ಲಿ ಬಿದ್ದ. ನಾವು ಕುಣಿದೆವು. ಎದುರಿನವರಿಗೆ ಕಾರ್ನರ್ ಸಿಕ್ಕಿತು. ಗೋಲಿ ಎದ್ದವನು ರಟ್ಟೆ ಮುಟ್ಟಿ ನೋಡಿಕೊಂಡ. ಟವೆಲಿನ ಚಿಂದಿ ಜೋತಾಡುತ್ತಿತ್ತು. ಕರಡಿಗೆ ಇರಲಿಲ್ಲ.

“ಲಿಂಗ ಬಿತ್ತು!” ಎಂದು ಅವನು ಕೂಗಿದ ದನಿ ಈಗಲೂ ನನ್ನ ಕಿವಿಯಲ್ಲಿದೆ.

ಅವನು ಮೊಣಕಾಲೂರಿ ಮಣ್ಣು ಕೆದರತೊಡಗಿದ. ಅತನೂರದವರು ಓಡಿ ಬಂದು ಬಗ್ಗಿದರು. ಖಜೂರಿಯವರು ಮೈದಾನದ ಆ ತುದಿಯಿಂದ ಓಡಿ ಬಂದರು. ಕ್ಯಾಪ್ಟನ್ ಬೂಟು ಬಿಚ್ಚಿ ಎಸೆದ. ಲಿಂಗದ ಮೇಲೆ ಬೂಟುಗಾಲು ಬಿದ್ದೀತು ಎಂದು, “ಬೂಟ್ ತಗೀರಲೇ, ಬೂಟ್ ತಗೀರಿ!” ಎಂದು ಉಳಿದವರಿಗೂ ಚೀರಿದ. ಯಾರಾದರೂ ಒಬ್ಬರು ಕೈ ಎತ್ತಿ ರೆಫರಿಗೆ ಹೇಳಿದ್ದರೆ ಆಟ ನಿಲ್ಲುತ್ತಿತ್ತು. ಒಬ್ಬನಿಗೂ ಅದು ಹೊಳೆಯಲಿಲ್ಲ. ಗೆರೆಯ ಹೊರಗೆ ನಿಂತ ನಮಗೂ ಹೊಳೆಯಲಿಲ್ಲ. ಲಿಂಗ ಬಿದ್ದ ಮೇಲೆ ಜಗತ್ತೇ ತಾನಾಗಿ ನಿಲ್ಲುತ್ತದೆ ಎಂದುಕೊಂಡಿದ್ದೆವೋ ಏನೋ.

ಕಾಲೋನಿಯವರು ಎಲ್ಲೆಲ್ಲಿಂದಲೋ ಬಂದ ಜನ, ಅವರಿಗೆ ನಮ್ಮ ಮಾತೂ ತಿಳಿಯದು. ಹಲ್ಲು ಬಿದ್ದಿದೆ, ಹುಡುಕುತ್ತಿದ್ದಾರೆ ಎಂದುಕೊಂಡರಂತೆ. ಅವರು ಕಾರ್ನರ್ ಹೊಡೆದರು. ಬಗ್ಗಿದವರ ಬೆನ್ನುಗಳ ಮೇಲಿಂದ ಚೆಂಡು ಬಂತು. ಒಬ್ಬ ಅದನ್ನು ಮೆಲ್ಲಗೆ ಒಳಗೆ ದಬ್ಬಿದ. ರೆಫರಿ ಸೀಟಿ ಊದಿದರು, ಆಟ ಮುಗಿಯಿತು. ನಮ್ಮವರಲ್ಲಿ ಒಬ್ಬನೂ ತಲೆ ಎತ್ತಲಿಲ್ಲ.

ಕರಡಿಗೆಯನ್ನು ಕಂಡವನು ಖಜೂರಿಯವ. ಮುಚ್ಚಳ ಭದ್ರವಿತ್ತು. ಅವನು ಅದನ್ನು ಕೈಯಿಂದ ಮುಟ್ಟಲಿಲ್ಲ. ಅದರ ಸುತ್ತ ಎರಡೂ ಕೈ ಬೇಲಿಯ ಹಾಗೆ ಇಟ್ಟು, “ಇಲ್ಲಿ ಅದ, ಇಲ್ಲೇ ಅದ,” ಎಂದು ಅಳತೊಡಗಿದ. ಗೋಲಿ ಅದನ್ನು ಎತ್ತಿ ಹಣೆಗೆ ಹಚ್ಚಿಕೊಂಡ. ಆಮೇಲೆ ಹಿಂತಿರುಗಿ ನೋಡಿದಾಗ ಚೆಂಡು ಬಲೆಯೊಳಗಿತ್ತು.

ತಕರಾರು ಇದ್ದರೆ ಬರೆದು ಕೊಡಿ ಎಂದರು ರೆಫರಿ. ಕ್ಯಾಪ್ಟನ್ ಬರಿಗಾಲಲ್ಲೇ ನಿಂತಿದ್ದ. “ಏನಂತ ಬರೀಬೇಕ್ರಿ?” ಎಂದಷ್ಟೇ ಕೇಳಿದ.

ಗೋಲಿ ಅಂದು ನೀರು ಸಹ ಮುಟ್ಟಲಿಲ್ಲ. ಮಠಕ್ಕೆ ಹೋಗಿ, ಅಯ್ಯನವರ ಕೈಯಿಂದ ಪೂಜೆಯಾಗಿ ಲಿಂಗ ಮತ್ತೆ ಕಟ್ಟಿದ ಮೇಲೆಯೇ ಊಟ ಮಾಡಿದನಂತೆ. ಕೆಲವು ವಾರಗಳ ನಂತರ ಅವನು ಟೀಮಿನ ಕೈಗವಸು ತಿರುಗಿ ಕೊಡಲೆಂದು ನೆಲೋಗಿಯಿಂದ ಆಳಂದದ ತನಕ ಬಂದ. ಮಾವ ಕೇಳದೆಯೇ ಚಹಾ ಇಟ್ಟ.

“ಕಾಕಾ, ಟೀಮ್ ಮುಳುಗ್ಸಿದೆ ನಾ,” ಎಂದ ಗೋಲಿ, ಚಹಾ ಮುಟ್ಟದೆ.

“ಬಿದ್ದದ್ದು ಬಿಟ್ಟು ಬಾಲ್ ನೋಡ್ಕೊಂತ ನಿಂತಿದ್ದಿ ಅಂದ್ರ, ನಾನೇ ನಿನಗ ಟೀಮಿನಿಂದ ತಗೀತಿದ್ದೆ,” ಎಂದ ಮಾವ. ಆಮೇಲೆ, “ಗಂಟು ಯಾರು ಹಾಕಿದ್ರಲೇ? ನೀ ಹಾಕಿದ್ದೇನು? ಚಾ ಕುಡಿ,” ಎಂದ. ಅದನ್ನು ಹೇಳುವಾಗ ಅವನ ಮುಖ ಒಲೆಯ ಕಡೆಗಿತ್ತು. ಗೋಲಿ ಹೋದ ಮೇಲೂ ಬಹಳ ಹೊತ್ತು ಹಾಗೆಯೇ ನಿಂತಿದ್ದ. ಸಾಹುಕಾರ ಎಂದಿನಂತೆ ಬಂದು ಕೂತ, ಚಹಾ ಕುಡಿದ, ಆ ದಿನ ಏನೂ ಕೆಣಕದೆ ಎದ್ದು ಹೋದ.

ಮರುವರ್ಷ ಲೀಗು ಶುರುವಾದ ರವಿವಾರ ಬೆಳಿಗ್ಗೆ, ಯಾರೂ ಕರೆಯದಿದ್ದರೂ ಕ್ಯಾಪ್ಟನ್ ಬಂದ. ಖಜೂರಿಯವರೂ ಬಂದರು. ಭಜಿ ತಿಂದರು, ಮಳೆಯ ಮಾತಾಡಿದರು, ಲಾರಿ ಟಾಯರಿನ ಮಾತಾಡಿದರು. ಗುಲಬರ್ಗಾದ ಬಸ್ಸು ಬಂದು ನಿಂತಿತು. ಪರಿಚಯದ ಕಂಡಕ್ಟರ್ ಬಾಗಿಲಿನಿಂದಲೇ, “ಬರ್ರಿ ಬರ್ರಿ, ಸೀಟ್ ಅವ!” ಎಂದು ಕರೆದ. ಮಾವ ಅವನ ಕಡೆ ನೋಡಿ, ಇಲ್ಲ ಎಂದು ಕೈ ಆಡಿಸಿದ. ಬಸ್ಸು ಹೋಯಿತು. ಹುಡುಗರು ಖಾಲಿ ಕಪ್ಪು ಬಸಿಗಳನ್ನು ತಾವೇ ಒಳಗೆ ತಂದಿಟ್ಟು, ಒಬ್ಬೊಬ್ಬರಾಗಿ ತಮ್ಮ ತಮ್ಮ ದಾರಿ ಹಿಡಿದರು.